ಏಳನೆಯ ಬೆಸುಗೆ

ಭೋಸರಿಯ ಶೆಡ್ಡಿಗೆ ಭಾಟೇನಾ ಅಜ್ಜ ಮೊದಲು ತಂದದ್ದು
ಗಾಡಿಯಲ್ಲ, ಗಾಡಿಯ ಗಂಟಲು:
ಗೋಣಿಯಲ್ಲಿ ಸುತ್ತಿದ ಸೈಲೆನ್ಸರು,
ಐವತ್ತು ಮಳೆಗಾಲ ಕುಡಿದು ಜರಡಿಯಾದದ್ದು.
ಬೆರಳಿಟ್ಟೆ. ಹಪ್ಪಳದಂತೆ ಮುರಿಯಿತು.

"ನಾನಾ ಪೇಠದಲ್ಲಿ ಹೊಸದೇ ಸಿಗುತ್ತದಲ್ಲ" ಎಂದೆ.
"ಸಿಗುತ್ತದೆ. ಅದು ಯಾರದೋ ದನಿ."
ಅವರ ಮಾತು ಜೋರು; ಕಿವಿಯ ಯಂತ್ರ ಇರುವುದು ಜೇಬಿನಲ್ಲಿ.
"ಗಡಗಡ ಬೇಡ. ಒಂದೊಂದೇ ಬರಬೇಕು, ಬಿಡಿಬಿಡಿಯಾಗಿ,
ನಾದಿದ ಹಿಟ್ಟು ಹಲಗೆಯ ಮೇಲೆ ಬಿದ್ದ ಹಾಗೆ."

ಕ್ಯಾಂಪಿನಲ್ಲಿ ಅವರದು ಬೇಕರಿ.
ನಾನು ವಾರವಿಡೀ ಡೈರಿಯ ಟ್ಯಾಂಕು ಬೆಸೆಯುವವಳು,
ರವಿವಾರ ಮಾತ್ರ ಈ ಶೆಡ್ಡು ನನ್ನದು,
ಅದೂ ಖಿಲಾರೆ ಮಾಮಾನಿಗೆ ಅರ್ಧ ಕೂಲಿ ಕೊಟ್ಟು.

ಒಂದೂವರೆ ಇಂಚಿನ ಸ್ಟೀಲು ಕೊಳವೆ.
ಒಮ್ಮೆಲೇ ಬಗ್ಗಿಸಿದರೆ ಒಳಮಗ್ಗುಲು ಸುಕ್ಕಾಗುತ್ತದೆ.
ಸವತಿಕಾಯಿಯಂತೆ ಓರೆಯಾಗಿ ಕೊಯ್ದೆ, ಹನ್ನೊಂದು ಹೋಳು,
ಸಂದಿಗೆ ಒಂಬತ್ತು ಡಿಗ್ರಿ.
ಹತ್ತು ಸಲ ಚೂರು ಚೂರೇ ತಿರುಗಿ
ಕೆಳಗೆ ಹೊರಟದ್ದು ಹಿಂದಕ್ಕೆ ಹೊರಳುತ್ತದೆ.
ಅವ್ವ ಸಿಂದಗಿಯಿಂದ ಪುಣೆಗೆ ಬಂದದ್ದೂ ಹೀಗೇ,
ಒಂದೇ ಸಲ ಅಲ್ಲ.

ಮಂದಿ ನೋಡುವುದು ಹೊರಗಿನ ಬೆಸುಗೆ,
ಒಂದರ ಮೇಲೊಂದು ಒರಗಿದ ನಾಣ್ಯಗಳ ಸಾಲು.
ಒಳಗೊಂದಿದೆ.
ಕೊಳವೆಯ ಎರಡೂ ಬಾಯಿಗೆ ಬೆಳ್ಳಿಹಾಳೆ ಕಟ್ಟಿ
ಸಣ್ಣ ಸಿಲಿಂಡರಿನಿಂದ ಆರ್ಗಾನ್ ಊಡಬೇಕು ಒಳಕ್ಕೆ.
ಇಲ್ಲವಾದರೆ ಕಾದ ಲೋಹ ಗಾಳಿ ಕುಡಿದು
ಸಕ್ಕರೆಗಟ್ಟುತ್ತದೆ, ಹಾಗೆನ್ನುತ್ತೇವೆ ನಾವು:
ಕಪ್ಪು, ಒರಟು, ತಳ ಹಿಡಿದ ಪಾಕ.
ಹೊರಗೆ ಮಾತ್ರ ಅದೇ ನಾಣ್ಯ, ಅದೇ ಹೊಳಪು.

ಏಳನೆಯ ಸಂದಿಯ ನಡುವೆ ಒಳಗಿನ ನಳಿಗೆಯ ಉಸಿರು ನಿಂತಿತು.
ಮುಳ್ಳು ಸೊನ್ನೆಗೆ ಒರಗಿ ಮಲಗಿತ್ತು.
ರವಿವಾರ, ಗ್ಯಾಸಿನವನ ಬಾಗಿಲಿಗೆ ಬೀಗ.
ನಿಲ್ಲಿಸಬಹುದಿತ್ತು.
ಕೈಗೆ ಲಯ ಸಿಕ್ಕಿತ್ತು, ನಿಲ್ಲಿಸಲಿಲ್ಲ,
ಎಂದು ಹೇಳಿಕೊಳ್ಳುತ್ತೇನೆ.

ಮುಂದಿನ ವಾರ ಎಂಟು, ಒಂಬತ್ತು, ಹತ್ತು
ಕನ್ನಡಿಯಂತೆ ಬಂದವು.
ಏಳನ್ನು ಕೊಯ್ದು ತೆಗೆಯಬಹುದಿತ್ತು ಆಗಲೂ.
ಚಹಾ ಕುಡಿದೆ.

ಗಾಡಿ ಬಂತು. ಮೂರು ಕಿಕ್ಕಿಗೆ ಕೆಮ್ಮು, ನಾಲ್ಕಕ್ಕೆ ಹಿಡಿಯಿತು.
ಕೊಳವೆಯ ಮೈಗೆ ಬಣ್ಣ ಏರತೊಡಗಿತು:
ಬಿಸ್ಕತ್ತು, ಆಮೇಲೆ ನೇರಳೆ, ಆಮೇಲೆ ಪಾರಿವಾಳದ ಕೊರಳು.
"ಬಿಸ್ಕತ್ತಿನಲ್ಲೇ ತೆಗೆಯಬೇಕಿತ್ತು ಒಲೆಯಿಂದ" ಎಂದು ನಕ್ಕರು ಅಜ್ಜ.
ಯಂತ್ರ ಜೇಬಿನಲ್ಲೇ ಇತ್ತು.
ಕುಕ್ಕರುಗಾಲಲ್ಲಿ ಕೂತು, ಕೊಳವೆಯ ಬಾಯೆದುರು
ಒಂದು ಮೊಳ ದೂರ ಅಂಗೈ ಹಿಡಿದರು,
ಅರವತ್ತು ವರ್ಷ ಭಟ್ಟಿಯ ಕಾವು ಅಳೆದ ಅಂಗೈ.
ಕಣ್ಣು ಮುಚ್ಚಿ ತುಟಿಯಲ್ಲೇ ಎಣಿಸಿದರು.
ನಾನು ಕೂಡ ಎಣಿಸಿದೆ, ಬೇರೆಯದನ್ನು.
"ಹಾಂ" ಎಂದರು. ಅಷ್ಟೇ.
ದುಡ್ಡು ಹತ್ತಿಪ್ಪತ್ತರ ನೋಟಿನಲ್ಲಿ, ಮೈದಾ ವಾಸನೆ.

ದಾಪೋಡಿಯ ಸೇತುವೆ ಏರುವಾಗ ಎರಡನೇ ಗೇರಿನಲ್ಲಿ
ಸಣ್ಣದೊಂದು ಉಜ್ಜು, ನಾಲಿಗೆಗೆ ತಾಗಿದ ಮರಳು.
ಅಷ್ಟು ದೂರದ್ದು ಶೆಡ್ಡಿಗೆ ಕೇಳುವುದಿಲ್ಲ.
ನನಗೆ ಕೇಳುತ್ತದೆ.

ನಿನ್ನೆ ಹುಡುಗನ ಕೈಯಲ್ಲಿ ಒಂದು ಡಜನ್ ಪಾವು ಕಳಿಸಿದ್ದರು.
ಪಾವಿನ ಗುಣ ತಳದಲ್ಲಿ, ಅವರೇ ಹೇಳಿದ್ದು;
ಒಂದೊಂದನ್ನೂ ಮಗುಚಿದೆ. ಹನ್ನೊಂದು ಜೇನುಬಣ್ಣ.
ನಡುವಿನದೊಂದು ಸೀದು ಕರಿಕಲು.
ಎಷ್ಟನೆಯದೆಂದು ನೋಡುವ ಮೊದಲೇ
ಅವ್ವ ಅದನ್ನೇ ಎತ್ತಿ ಚಹಾಕ್ಕೆ ಅದ್ದಿದಳು.
"ಇದಕ್ಕ ರುಚಿ ಜಾಸ್ತಿ ನೋಡ, ಯಾಕ ಹಂಗ ಕುಂತಿ?"

ರಾತ್ರಿ ಗ್ರೈಂಡರಿಗೆ ಹೊಸ ಕೊಯ್ಯುವ ಚಕ್ರ ಹಾಕಿಟ್ಟೆ.
ಗಾಡಿ ತನ್ನಿ ಎನ್ನಲು ಫೋನು ಮಾಡಿದೆ.
ಬಹಳ ಹೊತ್ತು ಹೊಡೆಯಿತು.
ಎತ್ತಲಿಲ್ಲ.
ಕೇಳಿರಲಿಕ್ಕಿಲ್ಲ.