ಯಾರ ಬೆರಳು

ದಸ್ತಗೀರ್ ಸಾಬರು ನನ್ನ ಕೈ ಹಿಡಿದು
ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತೂರಿಸಿದರು.
‘ನಾಲ್ಕು ಬೆರಳಿದೆ. ಎಷ್ಟಕ್ಕೆ ಇಳಿಸಲಿ?’
‘ಎರಡು’ ಅಂದೆ.
‘ಯಾರ ಬೆರಳು?’ ಅಂದರು.

ಅವರ ತೋರುಬೆರಳು ಅರ್ಧವೇ ಉಳಿದಿದೆ.
ಮಿಕ್ಕರ್ಧವನ್ನು ಕಾಂಟೆಸ್ಸಾದ ಸ್ಪ್ರಿಂಗೊಂದು
ಕ್ಲಾಂಪು ಬಿಡಿಸಿಕೊಂಡು ಹಾರುವಾಗ ಒಯ್ದಿತಂತೆ.
ತಗಡಿನ ಮಾಡಿಗೆ ಅದು ಬಡಿದ ಜಾಗ
ಮಳೆ ಬಂದರೆ ಈಗಲೂ ಸೋರುತ್ತದೆ.

ಅದಕ್ಕೇ ಸ್ಪ್ರಿಂಗ್ ಕೊಯ್ಯುವ ಮಾತು ಅವರ ಮುಂದೆ ಎತ್ತಬಾರದು.
ಎತ್ತಿದೆ.
‘ಟೇಕಲ್ ರಸ್ತೆಯ ಹುಡುಗ ಒಂದೂವರೆ ಸುತ್ತು ಕೊಯ್ದು ಕೊಡ್ತಾನಂತೆ,
ಮುನ್ನೂರು ರೂಪಾಯಿ.’
ಟೀ ಲೋಟ ಕೆಳಗಿಟ್ಟರು.
‘ಆಚಾರ್ರೇ, ಸರ ಉದ್ದವಾಯ್ತು ಅಂತ ಕತ್ತರಿ ಹಾಕಿ
ಕೊಂಡಿ ಇಲ್ಲದೆ ಕೊಡ್ತೀರಾ ಗಿರಾಕಿಗೆ?’

ನಾನು ಬ್ಯಾಂಕಿಗೆ ಬಂದ ಒಡವೆ ನೋಡುವವನು.
ದಿನಾ ಕೋಲಾರದಿಂದ ಬಂಗಾರಪೇಟೆ, ಒರೆಗಲ್ಲು ಡ್ಯಾಶ್‌ಬೋರ್ಡಿನಲ್ಲಿ.
ವಯಸ್ಸು ಐವತ್ತೆರಡು.
ಕಾರು ತಗ್ಗಿಸ್ತೀನಿ ಅಂದರೆ ಮಗಳು ನಗುತ್ತಾಳೆ.
ಆದರೂ ಈ ಎಸ್ಟೀಮು ನಿಲ್ಲುವ ರೀತಿ ಕಣ್ಣಿಗೆ ಹಿಡಿಸದು,
ನೀರು ಕಂಡು ಸೀರೆ ಎತ್ತಿಕೊಂಡವಳ ಹಾಗೆ.

ಕಾಯಿಲೋವರ್ ಪೆಟ್ಟಿಗೆ ತೆರೆದು ತೋರಿಸಿದರು:
ನೇರಳೆ ಬಣ್ಣ, ಮೈತುಂಬ ಥ್ರೆಡ್ಡು,
ಬೇಕೆಂದಾಗ ಮೇಲೆ, ಬೇಕೆಂದಾಗ ಕೆಳಗೆ.
ಬೆಲೆ ಕೇಳಿದೆ. ಇಡೀ ಎಸ್ಟೀಮು ಅಷ್ಟು ಬಾಳದು.
ಬರೀ ಗಿಡ್ಡ ಸ್ಪ್ರಿಂಗು ಸಾಕೆಂದರೆ
‘ಹಳೇ ಶಾಕಿನ ಮೇಲೆ ಕೂರಿಸಿದರೆ
ಕುಪ್ಪಳಿಸಿಕೊಂಡೇ ಬಂಗಾರಪೇಟೆ ಸೇರ್ತೀರಿ.
ಮೊದಲು ರಸ್ತೆ ಅಳೆದು ಬನ್ನಿ. ಪಾರ್ಟು ಆಮೇಲೆ.’

ಭಾನುವಾರ, ಅಂತರಗಂಗೆ ಬೆಟ್ಟಕ್ಕೆ ಇನ್ನೂ ಬೆಳಕು ಹತ್ತಿರಲಿಲ್ಲ.
ಮಗಳ ಮರದ ಸ್ಕೇಲು, ಎರಡು ಇಟ್ಟಿಗೆ, ಒಂದು ದಾರ.
ಹಂಪಿನ ಪಕ್ಕ ಹೊಟ್ಟೆ ಅಡಿಯಾಗಿ ಮಲಗಿ
ಒಂದೊಂದನ್ನೂ ಬರೆದುಕೊಂಡೆ, ಅಡವಿನ ಒಡವೆ ಬರೆವ ಪುಸ್ತಕದಲ್ಲೇ:
ಒಟ್ಟು, ಕಲ್ಲು ಕಳೆದು, ನಿವ್ವಳ.
ಹಾಲಿನ ವ್ಯಾನಿನವನು ನಿಲ್ಲಿಸಿ ಕೇಳಿದ,
‘ಏಮಿ ಪೋಯಿಂದಿ ಸಾಮೀ, ಉಂಗರಮಾ?’

ಹತ್ತೊಂಬತ್ತು ಹಂಪು. ಎತ್ತರ ಹದಿನಾಲ್ಕನೆಯದು.
ಸರಕಾರದ್ದಲ್ಲ, ಬಣ್ಣ ಇಲ್ಲ, ಬೋರ್ಡಿಲ್ಲ,
ಜಲ್ಲಿಪುಡಿಗೆ ಮಿಕ್ಕ ಟಾರು ಸುರಿದು
ರಾತ್ರೋರಾತ್ರಿ ಯಾರೋ ಮೆಟ್ಟಿ ಮಾಡಿದ್ದು.
ಪೊರಕೆ ಹಿಡಿದೇ ಬಂದಳು ಮುನಿವೆಂಕಟಮ್ಮ,
ಹಂಪಿನ ಮೇಲೆ ಹತ್ತಿ ನಿಂತಳು.
‘ಇದನ್ನ ತೆಗೆಸೋಕೆ ಬಂದ್ಯಾ?’
‘ಇಲ್ಲಮ್ಮ. ಕಾರು ಎಷ್ಟು ಇಳಿಸಬಹುದು ಅಂತ.’
ಕಾರು ನೋಡಿದಳು, ನನ್ನ ನೋಡಿದಳು,
ರಸ್ತೆಯಾಚೆ ಬೀಗ ಹಾಕಿದ ಶಾಲೆಯ ಗೇಟು ನೋಡಿದಳು.
‘ಹೋದ ವರ್ಷ ನಮ್ಮ ಹುಡುಗ…’ ಅಂದು ನಿಲ್ಲಿಸಿ
ದಾರದ ಇನ್ನೊಂದು ತುದಿ ಹಿಡಿದುಕೊಂಡಳು,
ಇಟ್ಟಿಗೆಗಿಂತ ಬಿಗಿಯಾಗಿ.

ಸಾಬರಿಗೆ ಹೋಗಿ ಹೇಳಿದೆ: ಮೂರು ಬೆರಳು, ಅದಕ್ಕಿಂತ ಕೆಳಗೆ ಬೇಡ.
ತಲೆಯಾಡಿಸಿದರು. ಗಿಡ್ಡ ಸ್ಪ್ರಿಂಗು, ಅದಕ್ಕೊಪ್ಪುವ ಹೊಸ ಶಾಕು,
ಬಂಪ್ ಸ್ಟಾಪಿನ ರಬ್ಬರು ಅರ್ಧ ಕೊಯ್ದು,
(ರಬ್ಬರು ಕೊಯ್ಯಬಹುದು)
ಅಲೈನ್‌ಮೆಂಟು, ಎಲ್ಲಾ ಸೇರಿ ಎರಡು ತಿಂಗಳ ಕಂತು.
ಸಂಜೆ ಕಾರು ಹೊರಬಂದಾಗ
ಬೀದಿಯಲ್ಲಿ ಕೂತಂತೆ ಇತ್ತು, ನಿಂತಂತಲ್ಲ.
ಎರಡು ಸಲ ಸುತ್ತು ಬಂದೆ. ಮೂರನೇ ಸಲಕ್ಕೆ ಸಾಬರು ನಕ್ಕರು.

ಸೋಮವಾರ, ಹದಿನಾಲ್ಕನೇ ಹಂಪು.
ರೇಡಿಯೋ ಆರಿಸಿ, ಫಸ್ಟ್ ಗೇರಿಗೆ ಹಾಕಿ,
ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿದೆ.
ಸಣ್ಣದೊಂದು ಸದ್ದು,
ಕಲ್ಲಿಗೆ ಉಂಗುರ ತಿಕ್ಕಿದಷ್ಟೇ.
ಇಳಿದು ನೋಡಿದೆ: ಟಾರಿನ ಮೇಲೆ ಕೂದಲೆಳೆಯ ಗೆರೆ.
ಬಾಗಿ ಅದರ ಬಣ್ಣ ನೋಡಿದೆ, ಅಭ್ಯಾಸ.

ಆಗ ಹೊಳೆಯಿತು, ಸಾಬರು ಅಳೆದದ್ದು ತಮ್ಮ ಕೈಯಲ್ಲಿ:
ನಡುಬೆರಳು, ಉಂಗುರಬೆರಳು,
ಮೂರನೆಯದು ಕಿರುಬೆರಳು.

ಗೇಟಿನ ಬಳಿಯಿಂದ ಪೊರಕೆಯ ಸದ್ದು ನಿಂತಿತು.