ಹನ್ನೊಂದು ತಿಂಗಳ ಕರಾರು

ಹಲ್ಲಿನ ಕ್ಲಿನಿಕ್ಕಿನ ಉದ್ಘಾಟನೆಗೆ ಬಂದ ಆರ್ಕಿಡ್ ಇದು,
ಕೊರಳಿಗೆ ಜರಿಯ ರಿಬ್ಬನ್ನು ಸುತ್ತಿಸಿಕೊಂಡು.
ಎರಡು ತಿಂಗಳು ನನ್ನ ಮೇಜಿನ ಮೇಲೆ ಕೂತು
ಟೋಕನ್ ಕೊಡುವ ನನಗಿಂತ ಚೆನ್ನಾಗಿ ನಕ್ಕಿತು.
ಕೊನೆಯ ಹೂವೂ ಉದುರಿದ ದಿನ
ಡಾಕ್ಟರು ಮಾಸ್ಕು ಏರಿಸುತ್ತ ಅಂದರು:
"ಹೇಮಾವತೀ, ಎಸೆದುಬಿಡಿ ಅದನ್ನ, ಸತ್ತಿದೆ."

ದಿನಾ ಬೇರಿಗೇ ಕೈಹಾಕುವ ನೀವೇ
ಬುಡ ನೋಡದೆ ಹೇಗೆ ಹೇಳಿದಿರಿ ಡಾಕ್ಟ್ರೇ
ಎಂದು ಕೇಳಲಿಲ್ಲ.
ಊಟದ ಚೀಲದಲ್ಲಿ ಡಬ್ಬಿಯ ಪಕ್ಕ ಕೂರಿಸಿ
ಲಗ್ಗೆರೆ ಬಸ್ಸು ಹತ್ತಿದೆ.

ಸಿದ್ದಾಪುರದ ನರ್ಸರಿಯ ಪಿಳ್ಳಣ್ಣ
ಕುಂಡ ಎತ್ತಿ, ಮೂಸಿ, ಬೇರನ್ನು ಒಂದೊಂದೇ ಒತ್ತಿ:
"ಮಣ್ಣು ಹಾಕಿಲ್ಲ ತಾನೆ? ಪುಣ್ಯ.
ಇದು ಮಣ್ಣಿನದಲ್ಲಮ್ಮ, ಮರದ ಮೇಲಿನ ಬಾಡಿಗೆದಾರ."
ತೊಗಟೆ, ಇದ್ದಿಲು ಕವರಿಗೆ ತುಂಬುತ್ತ ಹೇಳುತ್ತಲೇ ಹೋದ.
ಬೋರ್‌ವೆಲ್ ನೀರು ಬೇಡ, ಉಪ್ಪು ಕೂರುತ್ತೆ.
ಬೇರು ಬೆಳ್ಳಿಯಾದಾಗ ನೀರು, ಹಸಿರಿದ್ದರೆ ಸುಮ್ಮನಿರು.
ಎಲೆ ಕಡುಹಸಿರಾಯಿತೆಂದು ಹಿಗ್ಗಬೇಡ,
ಬೆಳಕು ಸಾಲದೆಂದು ಅದರ ತಕರಾರು.
"ಆಮೇಲೆ, ಧನುರ್ಮಾಸದ ಚಳಿ ತೋರಿಸು.
ರಾತ್ರಿ ಒಂಚೂರು ನಡುಗದೆ ಇದು ಹೂ ಬಿಡಲ್ಲ."

ಲಗ್ಗೆರೆ ಮನೆಯ ಕಿಟಕಿ ಪಡುವಣಕ್ಕೆ.
ಚಳಿ ಬರುವ ಮೊದಲೇ ಕರಾರು ಮುಗಿಯಿತು.

ಕಾಮಾಕ್ಷಿಪಾಳ್ಯದಲ್ಲಿ ಕಿಟಕಿ ತೆಗೆದರೆ ಪಕ್ಕದ ಗೋಡೆ,
ಗೋಡೆಯಾಚೆ ಇಡೀ ದಿನ ಲೇತ್ ಮಷೀನಿನ ಜೋಗುಳ.
ಆದರೂ ತೆಗೆದಿಟ್ಟೆ. ಸೊಳ್ಳೆ ಬಂತು, ಕಬ್ಬಿಣದ ಪುಡಿ ಬಂತು,
ಒಂದು ಬೆಳಗ್ಗೆ ಎಲೆಯ ಕಂಕುಳಲ್ಲಿ ಹಸಿರು ಮೊನೆ.
ಬೇರೋ, ಹೂದಂಟೋ?
ಕ್ಲಿನಿಕ್ಕಿನಿಂದ ತಂದ ಹಳೆಯ ಬಾಯಿಕನ್ನಡಿಯನ್ನು
ಎಲೆಯಡಿಗೆ ಹಿಡಿದು ನೋಡಿದೆ,
ದವಡೆ ಹಲ್ಲಿನ ಹಿಂಬದಿ ನೋಡುವ ಹಾಗೆ.
ತುದಿ ಗುಂಡಗಿತ್ತು. ಬೇರು.

ಆ ಬೇರು ಕುಂಡಕ್ಕೆ ಇಳಿಯಲಿಲ್ಲ, ಹೊರಗೆ ಚಾಚಿ
ಕಿಟಕಿಯ ಸರಳನ್ನು ತಬ್ಬಿತು.
ಯುಗಾದಿಗೆ ಸರಳಿಗೆ ಬಣ್ಣ ಬಳಿಯಲು ಬಂದ ಹುಡುಗ
ಬೇರಿಗೂ ಬಳಿದು ಹೋದ, ಆಕಾಶನೀಲಿ.
ಕರಾರು ಮುಗಿದಾಗ ಬ್ಲೇಡಿನಿಂದ ಕತ್ತರಿಸಿದೆ,
ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿದೆ.
ಅಡ್ವಾನ್ಸಿನಲ್ಲಿ ಪೇಂಟಿಂಗ್ ಖರ್ಚು ಹಿಡಿದುಕೊಂಡರು.

ಮೂರನೆಯದು ನಂದಿನಿ ಲೇಔಟಿನ ಟೆರೇಸಿನ ಒಂಟಿ ಕೋಣೆ.
ಮೂಡಲ ಬೆಳಕು, ಸಿಂಟೆಕ್ಸ್ ಟ್ಯಾಂಕಿನ ಮರೆ.
ಆ ಡಿಸೆಂಬರಿನಲ್ಲಿ ನಾನು ಎರಡು ಹೊದಿಕೆ ಹೊದ್ದು
ಅದನ್ನು ಹೊರಗಿಟ್ಟು ಮಲಗಿದೆ.
ನಿದ್ದೆ ಬರಲಿಲ್ಲ. ಮೂರು ಗಂಟೆಗೆ ಎದ್ದು ಹೋಗಿ
ಎಲೆ ಮುಟ್ಟಿದರೆ ಐಸ್ ಕ್ಯಾಂಡಿ.
ಒಳಗೆ ತರಲು ಕುಂಡ ಎತ್ತಿದೆ,
ಪಿಳ್ಳಣ್ಣನ ಮಾತು ನೆನಪಾಗಿ ಮತ್ತೆ ಇಟ್ಟೆ.

ಸಂಕ್ರಾಂತಿ ಕಳೆದು ನಾಲ್ಕನೇ ದಿನ
ಬಾಯಿಕನ್ನಡಿಯಲ್ಲಿ ಕಂಡಿತು:
ಹೆಬ್ಬೆರಳೊಂದು ಬೇರೆಯಾದ
ಕೂಸಿನ ಕೈಗವಸಿನಂಥ ಮೊನೆ.
ಯಾರಿಗೂ ಹೇಳಲಿಲ್ಲ. ಕೆಳಗಿನ ಮನೆಯ ಜೈಬುನ್ನೀಸಾಗೆ ಮಾತ್ರ,
ಅವಳು "ಮಾಷಾ ಅಲ್ಲಾ" ಅಂದು
ಮೊನೆಯ ಕಡೆಗೆ ಉಫ್ ಎಂದು ಊದಿದಳು.

ಅಲ್ಲಿ ಹನ್ನೊಂದೂ ತುಂಬಲಿಲ್ಲ.
ಓನರು ಸೈಟು ಮಾರಿದ್ದರು, ಹದಿನೈದು ದಿನ ಕೊಟ್ಟರು.
ದಂಟು ಆಗ ಒಂದು ಗೇಣು.

ಟೆಂಪೋದಲ್ಲಿ ಮಂಚ, ಫ್ರಿಜ್ಜು, ಗ್ಯಾಸು.
ಇದು ಮಾತ್ರ ಆಟೋದಲ್ಲಿ, ನನ್ನ ತೊಡೆಯ ಮೇಲೆ.
ಪ್ರತಿ ಹಂಪಿಗೂ "ಮೆಲ್ಲಗೆ ಅಣ್ಣಾ" ಅಂದೆ.
"ಎಷ್ಟು ತಿಂಗಳು?" ಅಂತ ಕೇಳಿದ,
ಕನ್ನಡಿಯಲ್ಲಿ ನೋಡಿ, ನಕ್ಕು.

ಸುಂಕದಕಟ್ಟೆಯಲ್ಲಿ ಬೆಳಕು ಬಲಗಡೆಯಿಂದ.
ದಂಟು ಮೂರು ದಿನ ಎಡಕ್ಕೇ ನೋಡುತ್ತ ನಿಂತಿತು.
ನಾಲ್ಕನೆಯ ದಿನ ಮನಸ್ಸು ಬದಲಾಯಿಸಿತು.

ಈಗ ಐದು ಹೂ. ಎರಡಕ್ಕೆ ಗೋಡೆಯ ಕಡೆ ಮುಖ.
ದಂಟಿನ ನಡುವೆ ಮೊಣಕೈಯಂಥ ಒಂದು ತಿರುವು,
ಅಲ್ಲಿಗೆ ನಂದಿನಿ ಲೇಔಟ್ ಮುಗಿಯುತ್ತದೆ.
ಡಾಕ್ಟರು ನೋಡಿದ್ದರೆ ಕ್ಲಿಪ್ಪು ಹಾಕಿ, ತಂತಿ ಬಿಗಿದು
ಒಂದೂವರೆ ವರ್ಷದಲ್ಲಿ ನೆಟ್ಟಗೆ ಮಾಡುತ್ತಿದ್ದರು.
ಪಿಳ್ಳಣ್ಣ ಕೊಟ್ಟ ಕಡ್ಡಿಯೂ, ಚಿಟ್ಟೆಯಾಕಾರದ ಕ್ಲಿಪ್ಪೂ
ಕಿಟಕಿಯ ಮೇಲೇ ಇವೆ.
ನಾನು ಹಾಕಿಲ್ಲ.