ಎಡಗೈ ಪೊರಕೆ

ಅಂಗೈಯಗಲದ ಕಾಗದ. ಹಾಲೆಂಡಿನದು,
ಮುನ್ನೂರೈವತ್ತು ವರ್ಷ ಹಳೆಯದು ಅಂದರು
ಇಂದುಧರ ಮೇಷ್ಟ್ರು, ಛತ್ರಿ ಮಡಚುತ್ತ.
ಸುಲ್ತಾನ್‌ಪೇಟೆಯ ನನ್ನ ಫ್ರೇಮಿನಂಗಡಿಯಲ್ಲಿ
ತಿರುಪತಿ ತಿಮ್ಮಪ್ಪನ ಎರಡು ಪಟಗಳ ನಡುವೆ
ಜಾಗ ಮಾಡಿ ಇಟ್ಟೆ.

ಮಾಡಿದವನ ಹೆಸರಿಲ್ಲ.
ಬಾಗಿಲಲ್ಲಿ ಒಬ್ಬಳು ಹೆಂಗಸು, ಕೈಯಲ್ಲಿ ಪೊರಕೆ.
ಹೊಸ್ತಿಲ ಬಳಿ ಕವುಚಿಬಿದ್ದ ಮರದ ಜೋಡು.
ಸೂರಿನಿಂದ ಇಳಿಬಿದ್ದ ಪಂಜರ, ಒಳಗೆ ಯಾರೂ ಇಲ್ಲ.
ಮೂಲೆಯಲ್ಲಿ ಮಗು, ಕೊಳವೆಯ ತುದಿಗೆ ಸೋಪಿನ ಗುಳ್ಳೆ.

ಪೆನ್ನಿನ ಮುಚ್ಚಳದಲ್ಲಿ ಒಂದೊಂದೇ ತೋರಿಸಿದರು:
ಗುಳ್ಳೆ ಅಂದರೆ ಆಯುಸ್ಸು.
ಅದು ನನಗೂ ಗೊತ್ತು.
ಖಾಲಿ ಪಂಜರ ಅಂದರೆ, ಸ್ವಲ್ಪ ತಡೆದು, ಹುಡುಗಿಯ ಮಾನ.
ಜೋಡು, ಅದೂ ಅಂಥದೇ ಏನೋ.
ನಮ್ಮಲ್ಲಿ ಚಪ್ಪಲಿ ಕವುಚಿಬಿದ್ದರೆ ಮನೆಯಲ್ಲಿ ಜಗಳ ಸಾರ್, ಅಂದೆ.
ಬರೆದುಕೊಂಡರು.
ಪೊರಕೆ ಅಂದರೆ ಶುದ್ಧಿ. ಮನೆಯ ಹಾಗೆ ಮನಸ್ಸೂ.

ನಾನು ಸುಮ್ಮನಾದೆ.
ನಮ್ಮವ್ವ ಚೌಡಮ್ಮ ಗುಡಿಸಿದ್ದು ಮನೆಯನ್ನಲ್ಲ,
ನಗರ್ತಪೇಟೆಯ ಬೀದಿ.
ಬೆಳಗಿನ ನಾಲ್ಕಕ್ಕೆ, ಕಾರ್ಪೊರೇಷನ್ನಿನವರು ಬರುವ ಮುಂಚೆ,
ಅಕ್ಕಸಾಲಿಗಳ ಬಾಗಿಲ ಮುಂದಿನ ಧೂಳು
ಮೊರಕ್ಕೆ, ಮೊರದಿಂದ ಬಾಣಲೆಗೆ,
ಚರಂಡಿ ಪಕ್ಕ ಕೂತು ಜಾಲಿಸಿ ಜಾಲಿಸಿ
ತಳದಲ್ಲುಳಿದ ಕರಿಮರಳಿಗೆ ಪಾದರಸ, ಆಮೇಲೆ ಆಸಿಡ್ಡು.
ಕೆಂಚು ಹೊಗೆ ಏಳುತ್ತಿತ್ತು. ಆ ಕಡೆ ಹೋಗೋ ಅನ್ನುತ್ತಿದ್ದಳು.
ಸಾಸಿವೆಯಷ್ಟು ಸಿಕ್ಕ ದಿನ ನನಗೆ ಬೆಣ್ಣೆ ಬನ್ನು.
ಸಿಗದ ದಿನ,
ನಮಗಿಂತ ಮುಂಚೆ ಗಾಳಿ ಗುಡಿಸಿಬಿಟ್ಟಿದೆ ಕಣೋ.

ಇದನ್ನೂ ಆಸಿಡ್ಡಲ್ಲೇ ಮಾಡೋದು, ಮೇಷ್ಟ್ರು ಹೇಳುತ್ತಲೇ ಇದ್ದರು.
ತಾಮ್ರದ ತಗಡಿಗೆ ಮೇಣ ಸವರಿ, ಸೂಜಿಯಲ್ಲಿ ಗೀರಿ, ಅದ್ದಿದರೆ
ಗೀರಿದಷ್ಟನ್ನೇ ತಿನ್ನುತ್ತದೆ.
ತಿಂದ ಕಡೆ ಮಸಿ ನಿಲ್ಲುತ್ತದೆ.
ಅಚ್ಚೊತ್ತಿದಾಗ ಎಡ ಬಲ ಅದಲುಬದಲು.
ನೋಡಿ, ಪೊರಕೆ ಎಡಗೈಯಲ್ಲಿದೆ. ಇವಳು ನಿಜಕ್ಕೂ ಬಲಗೈಯವಳು.

ಅಲ್ಲ ಸಾರ್,
ತುಟಿಗೆ ಬಂದದ್ದನ್ನು ನುಂಗಿಕೊಂಡೆ.
ನಮ್ಮವ್ವ ಎಡಚಿ.
ಬಲಗೈಯ ಎರಡು ಬೆರಳು ಆಸಿಡ್ ತಿಂದ ಮೇಲೆ
ಎಡಚಿಯಾದವಳು.

ಮೌಂಟು ಬಿಳಿಯೋ ಕೆನೆಬಣ್ಣವೋ ಎಂದು ಕೇಳಿದೆ.
ಕೆನೆ ಅಂದರು. ಅಡ್ವಾನ್ಸ್ ಇನ್ನೂರು. ಗುರುವಾರ ಬನ್ನಿ.

ಗಾಜು ಹಾಕುವ ಮುಂಚೆ
ಒಣ ಬ್ರಷ್ಷಿನಿಂದ ಧೂಳು ತೆಗೆಯುವುದು ವಾಡಿಕೆ.
ಅವಳ ಕಾಲ ಬಳಿ, ಪೊರಕೆಯ ತುದಿಗೆ ಸರಿಯಾಗಿ, ಒಂದು ಕಣ,
ಯಾವ ದೇವರ ಚೌಕಟ್ಟಿನಿಂದ ಉದುರಿದ ಗಿಲೀಟೋ,
ಟ್ಯೂಬ್‌ಲೈಟಿಗೆ ಮಿನುಗಿತು.
ಬ್ರಷ್ಷು ಕೈಯಲ್ಲೇ ಇತ್ತು.
ಗಾಜು ಮುಚ್ಚಿದೆ.